ಇಂಟೆಲಿಜೆನ್ಸ್ 11, ಬೇಕಾದದ್ದು 13

ಪ್ರಶ್ನೆ: ಶಿರಸಿಯಿಂದ ಸ್ವಲ್ಪ ಒಳಗೆ ತೋಟದ ಮನೆ ನಮ್ಮದು. ಮಳೆಗಾಲದ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಐದು ಜನ ಜಗಲಿಯಲ್ಲಿ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ದಾಳ ಎಸೆದು ಪಾತ್ರ ವಹಿಸುವ ಕತೆಯ ಆಟ ಆಡುತ್ತೇವೆ. 2014ರ ಐದನೇ ಆವೃತ್ತಿ, ಭಾವ ಡಿಎಂ (ಡಂಜನ್ ಮಾಸ್ಟರ್), ಅಂದರೆ ಆಟ ನಡೆಸುವವನು. ನನ್ನ ಪಾತ್ರ ಹ್ಯೂಮನ್ (ಮನುಷ್ಯ), ಕ್ಲಾಸ್ ಅಂದರೆ ಕಸುಬು ಫೈಟರ್ (ಯೋಧ), ಅದರೊಳಗಿನ ಬಗೆ ಚಾಂಪಿಯನ್, 5ನೇ ಲೆವೆಲ್, ಕೈಯಲ್ಲಿ ಕತ್ತಿ-ಗುರಾಣಿ. ಪಾತ್ರದ ಗುಣಗಳ ಅಂಕಿ: ಸ್ಟ್ರೆಂತ್ 18, ಡೆಕ್ಸ್ಟೆರಿಟಿ 14, ಕಾನ್‌ಸ್ಟಿಟ್ಯೂಷನ್ 15, ಇಂಟೆಲಿಜೆನ್ಸ್ 11, ವಿಸ್ಡಮ್ 13, ಕರಿಸ್ಮಾ 9. ಮುಂದಿನ ಲೆವೆಲ್ ವಿಜರ್ಡ್ (ಮಂತ್ರವಾದಿ) ಕ್ಲಾಸಿನಲ್ಲಿ ತೆಗೆದುಕೊಳ್ಳುತ್ತೇನೆ ಅಂದರೆ ಭಾವ ‘ಇಂಟೆಲಿಜೆನ್ಸ್ 13 ಇಲ್ಲದೆ ಆಗದು’ ಅಂದ. ಕಾರವಾರದಿಂದ ಬರುವ ಗೆಳೆಯನ ಹತ್ತಿರ ಹಳೆಯ ಪುಸ್ತಕಗಳಿವೆ. ಎಲ್ಡ್ರಿಚ್ ನೈಟ್ (ಮಂತ್ರ ಬಲ್ಲ ಯೋಧ) ಆಗಬೇಕಾದರೂ ಮೊದಲು 3ನೇ ಹಂತದ ಮಂತ್ರ ಬರಬೇಕು, ಅದನ್ನೂ ಮರೆತುಬಿಡು ಅನ್ನುತ್ತಾನೆ. ಇನ್ನೊಬ್ಬ, ಇಂಟೆಲಿಜೆನ್ಸ್ 19 ಮಾಡುವ ಹೆಡ್‌ಬ್ಯಾಂಡ್ ಸಿಕ್ಕರೆ ಕಟ್ಟಿಕೊಂಡು ವಿಜರ್ಡ್ ಆಗು ಅನ್ನುತ್ತಾನೆ. ನನಗೆ ನಿಜಕ್ಕೂ ಬೇಕಾದದ್ದು ಎರಡೇ: ಶೀಲ್ಡ್ ಮಂತ್ರ, ಮತ್ತೆ ಭುಜದ ಮೇಲೆ ಕೂರುವ ಒಂದು ಗೂಬೆ. ಫೈಟರ್ ಹಾಳಾಗದ ಹಾಗೆ ಇದು ಆಗುತ್ತದೆಯೇ? ಇನ್ನೊಂದು: ತಂಗಿಯ ಪ್ಯಾಲಡಿನ್‌ಗೆ ಕರಿಸ್ಮಾ 18, ಡೆಕ್ಸ್ಟೆರಿಟಿ 16, ಸ್ಟ್ರೆಂತ್ 10. ಅವಳು ವಾರ್‌ಲಾಕ್ ಕ್ಲಾಸ್ ಸೇರಿಸಬಹುದಲ್ಲ?

ಉತ್ತರ: ಭಾವ ಹೇಳಿದ್ದು ಸರಿ. ಕಾರವಾರದ ಗೆಳೆಯ ಹೇಳಿದ್ದೂ ಸರಿಯೇ, ಆದರೆ ಅದು ನೀವು ಆಡುತ್ತಿರುವ ಆಟದ ನಿಯಮವಲ್ಲ. ಹೆಡ್‌ಬ್ಯಾಂಡ್ ವಿಷಯ ನಿಯಮಕ್ಕಿಂತ ನಿಮ್ಮ ಜಗಲಿಯ ತೀರ್ಮಾನಕ್ಕೆ ಬಿಟ್ಟದ್ದು. ಇಷ್ಟರ ನಡುವೆ ನಿಮ್ಮ ಹಾಳೆಯಲ್ಲೇ ಇರುವ ಒಂದು ಅಂಕಿಯನ್ನು ಯಾರೂ ಸರಿಯಾಗಿ ನೋಡಿಲ್ಲ. ಅದು ವಿಸ್ಡಮ್ 13.

ಮೊದಲು ನಿಯಮ. 2014ರ ಪುಸ್ತಕದಲ್ಲಿ ಮಲ್ಟಿಕ್ಲಾಸ್, ಅಂದರೆ ಒಂದೇ ಪಾತ್ರಕ್ಕೆ ಎರಡನೇ ಕ್ಲಾಸ್ ಸೇರಿಸುವುದು ಎನ್ನುವುದೇ ಐಚ್ಛಿಕ ನಿಯಮ, ಡಿಎಂ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಫೀಟ್‌ಗಳೂ, ಅಂದರೆ ಅಂಕಿ ಏರಿಸುವ ಬದಲಿಗೆ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯಗಳೂ ಹಾಗೆಯೇ. ಒಂದೇ ಕ್ಲಾಸಿನಲ್ಲಿ ಉಳಿಯುವವನಿಗೆ ಯಾವ ಅಂಕಿಯ ಷರತ್ತೂ ಇಲ್ಲ. ಇಂಟೆಲಿಜೆನ್ಸ್ 8 ಇಟ್ಟುಕೊಂಡು 1ನೇ ಲೆವೆಲ್‌ನಿಂದ ವಿಜರ್ಡ್ ಆಡುತ್ತೇನೆ ಅಂದರೆ ಪುಸ್ತಕ ಬೇಡ ಅನ್ನುವುದಿಲ್ಲ, ಗರ ಬಿದ್ದಾಗ ತಾನಾಗಿ ಗೊತ್ತಾಗುತ್ತದೆ. ಷರತ್ತು ಬರುವುದು ಎರಡನೇ ಕ್ಲಾಸಿಗೆ ಕಾಲಿಡುವಾಗ. ಆಗ ಹೊಸ ಕ್ಲಾಸಿನ ಅರ್ಹತೆಯನ್ನೂ ಈಗಿರುವ ಕ್ಲಾಸಿನ ಅರ್ಹತೆಯನ್ನೂ ಎರಡನ್ನೂ ನೋಡಬೇಕು. ಹೊಸದನ್ನು ಎಲ್ಲರೂ ನೋಡುತ್ತಾರೆ, ಹಳೆಯದನ್ನು ಮರೆಯುತ್ತಾರೆ. ನಿಮ್ಮ ತಂಗಿಯ ತೊಡಕು ಇರುವುದು ಅಲ್ಲೇ. ಅದಕ್ಕೆ ಕೊನೆಗೆ ಬರುತ್ತೇನೆ.

ಅಂಕಿ ಎಲ್ಲ ಕಡೆ 13. ಬಾರ್ಬೇರಿಯನ್‌ಗೆ ಸ್ಟ್ರೆಂತ್, ರೋಗ್‌ಗೆ ಡೆಕ್ಸ್ಟೆರಿಟಿ, ವಿಜರ್ಡ್‌ಗೆ ಇಂಟೆಲಿಜೆನ್ಸ್, ಕ್ಲೆರಿಕ್ ಮತ್ತು ಡ್ರೂಯಿಡ್‌ಗೆ ವಿಸ್ಡಮ್, ಬಾರ್ಡ್, ಸಾರ್ಸರರ್, ವಾರ್‌ಲಾಕ್‌ಗೆ ಕರಿಸ್ಮಾ. ಫೈಟರ್‌ಗೆ ಸ್ಟ್ರೆಂತ್ ಅಥವಾ ಡೆಕ್ಸ್ಟೆರಿಟಿ, ಯಾವುದಾದರೊಂದು ಸಾಕು. ಮಂಕ್ ಮತ್ತು ರೇಂಜರ್‌ಗೆ ಡೆಕ್ಸ್ಟೆರಿಟಿ, ವಿಸ್ಡಮ್ ಎರಡೂ ಬೇಕು. ಪ್ಯಾಲಡಿನ್‌ಗೆ ಸ್ಟ್ರೆಂತ್, ಕರಿಸ್ಮಾ ಎರಡೂ.

ಈ ಪಟ್ಟಿಯನ್ನು ನಿಮ್ಮ ಹಾಳೆಯ ಪಕ್ಕಕ್ಕಿಟ್ಟು ನೋಡಿ. ಬಾರ್ಬೇರಿಯನ್, ರೋಗ್, ಕ್ಲೆರಿಕ್, ಡ್ರೂಯಿಡ್, ಮಂಕ್, ರೇಂಜರ್ ಈ ಆರೂ ನಿಮಗೆ ಇವತ್ತೇ ತೆರೆದಿವೆ. ಕರಿಸ್ಮಾ 9 ಇರುವುದರಿಂದ ನಾಲ್ಕು ಮುಚ್ಚಿವೆ. ವಿಜರ್ಡ್ ಒಂದು ಎರಡು ಅಂಕಿಯಿಂದ ತಪ್ಪಿಹೋಗಿದೆ. ಬರೀ ಮಂತ್ರ ಬೇಕು, ಯಾವುದಾದರೂ ಸೈ ಎನ್ನುವವನಾದರೆ ಒಂದು ಲೆವೆಲ್ ಕ್ಲೆರಿಕ್ ತೆಗೆದುಕೊಂಡು ಬ್ಲೆಸ್, ಹೀಲಿಂಗ್ ವರ್ಡ್ ಕಲಿತರೆ ಇಡೀ ತಂಡ ಕೈಮುಗಿಯುತ್ತದೆ. ಆದರೆ ನಿಮಗೆ ಬೇಕಾದದ್ದು ಗೂಬೆ. ಇರಲಿ.

ಈ 11 ಎಲ್ಲಿಂದ ಬಂತು? ನಿಮ್ಮ ಅಂಕಿಗಳನ್ನು ನೋಡಿದರೆ 15, 14, 13, 12, 10, 8 ಎಂಬ ಸಿದ್ಧ ಸರಣಿಯನ್ನು ಹಂಚಿ, ಹ್ಯೂಮನ್‌ಗೆ ಸಿಗುವ ಎಲ್ಲದಕ್ಕೂ +1 ಸೇರಿಸಿದ್ದೀರಿ. ಆಮೇಲೆ 4ನೇ ಲೆವೆಲ್‌ನಲ್ಲಿ ಸಿಗುವ ಎರಡು ಅಂಕಿಯ ಹೆಚ್ಚಳವನ್ನು ಪೂರ್ತಿ ಸ್ಟ್ರೆಂತ್‌ಗೆ ಹಾಕಿ 16ನ್ನು 18 ಮಾಡಿದ್ದೀರಿ. ಅಂದರೆ 12ನ್ನು ವಿಸ್ಡಮ್‌ಗೂ 10ನ್ನು ಇಂಟೆಲಿಜೆನ್ಸ್‌ಗೂ ಇಟ್ಟಿರಿ. ತಪ್ಪೇನಿಲ್ಲ, ಫೈಟರ್ ಮಾಡುವ ಬಹುತೇಕ ಎಲ್ಲರೂ ಹಾಗೇ ಇಡುತ್ತಾರೆ, ಯಾಕೆಂದರೆ ವಿಸ್ಡಮ್‌ನ ಸೇವಿಂಗ್ ಥ್ರೋ (‘ಸೇವ್’, ಅಂದರೆ ಮಂತ್ರ ಅಥವಾ ಅಪಾಯದಿಂದ ಪಾರಾಗಲು ಎಸೆಯುವ ದಾಳ) ಪದೇ ಪದೇ ಬರುತ್ತದೆ. ಅವತ್ತು ಆ ಎರಡು ಅಂಕಿ ಅದಲು ಬದಲಾಗಿದ್ದರೆ ಇವತ್ತು ಈ ಪತ್ರ ಬರೆಯುವ ಪ್ರಮೇಯವಿರಲಿಲ್ಲ. ಈ ಅದಲು ಬದಲು ಇನ್ನೂ ಕೈಮೀರಿಲ್ಲ, ಮುಂದೆ ಹೇಳುತ್ತೇನೆ.

ಈಗ ಕಾರವಾರದ ಗೆಳೆಯನ ಮಾತು. ಗೊಂದಲಕ್ಕೆ ಕಾರಣ ಒಂದು ಹೆಸರು. 2003ರ 3.5 ಆವೃತ್ತಿಯಲ್ಲಿ ಎಲ್ಡ್ರಿಚ್ ನೈಟ್ ಎಂಬುದು ಪ್ರೆಸ್ಟೀಜ್ ಕ್ಲಾಸ್, ಅಂದರೆ ಮೊದಲು ಬೇರೆ ಕ್ಲಾಸ್‌ಗಳಲ್ಲಿ ಅರ್ಹತೆ ಗಳಿಸಿ ಆಮೇಲೆ ಸೇರುವಂಥದ್ದು. ಅದಕ್ಕೆ ಎಲ್ಲ ಮಾರ್ಷಲ್ ಆಯುಧಗಳ ಪರಿಣತಿ ಮತ್ತು 3ನೇ ಹಂತದ ಆರ್ಕೇನ್ (ವಿಜರ್ಡ್ ಬಗೆಯ) ಮಂತ್ರ ಹಾಕುವ ಶಕ್ತಿ ಎರಡೂ ಬೇಕಿತ್ತು. ಹಾಗಾಗಿ ಫೈಟರ್ 1, ವಿಜರ್ಡ್ 5 ಮುಗಿಸಿ 7ನೇ ಲೆವೆಲ್‌ಗೆ ಸೇರುವುದು ರೂಢಿ. 2014ರ ಪುಸ್ತಕದಲ್ಲಿ ಅದೇ ಹೆಸರಿನದು ಫೈಟರ್‌ನ ಒಳಗಿನ ಸಬ್‌ಕ್ಲಾಸ್. 3ನೇ ಲೆವೆಲ್‌ನಲ್ಲಿ ಚಾಂಪಿಯನ್ ಬದಲಿಗೆ ಅದನ್ನು ಆರಿಸಿದರೆ ಆಯಿತು, ಇಂಟೆಲಿಜೆನ್ಸ್ ಎಷ್ಟಿದ್ದರೂ ಸರಿ. ಷರತ್ತು ಸೊನ್ನೆ.

3.5ರಲ್ಲಿ ಅರ್ಹತೆ ಎಂದರೆ ಬೇರೆಯೇ ಲೆಕ್ಕ. ಅಲ್ಲಿ ಫೈಟರ್‌ನಿಂದ ವಿಜರ್ಡ್‌ಗೆ ಹೋಗಲು 13ರ ತಡೆ ಇರಲಿಲ್ಲ. ಬದಲಿಗೆ ಎರಡು ಕ್ಲಾಸ್‌ಗಳ ಲೆವೆಲ್ ನಡುವೆ ಅಂತರ ಹೆಚ್ಚಾದರೆ ಲೆವೆಲ್ ಏರಿಸುವ ಅನುಭವದ ಅಂಕದಲ್ಲಿ ಶೇ. 20 ಕಡಿತ. ಪ್ರೆಸ್ಟೀಜ್ ಕ್ಲಾಸ್‌ಗಳ ಷರತ್ತು ಮಾತ್ರ 1ನೇ ಲೆವೆಲ್‌ನಿಂದಲೇ ಯೋಜನೆ ಕೇಳುವಂಥವು. ಒಂದು ಕೌಶಲದಲ್ಲಿ 8 ರ‍್ಯಾಂಕ್ ಬೇಕು ಅಂದರೆ, ಅದು ನಿಮ್ಮ ಕ್ಲಾಸಿನದೇ ಕೌಶಲವಾದರೆ 5ನೇ ಲೆವೆಲ್‌ಗೆ ಸಿಗುತ್ತದೆ, ಹೊರಗಿನದಾದರೆ 13ನೇ ಲೆವೆಲ್‌ವರೆಗೆ ಕಾಯಬೇಕು. ಬೇಸ್ ಅಟ್ಯಾಕ್ ಬೋನಸ್ (ಹೊಡೆಯುವಾಗ ದಾಳಕ್ಕೆ ಸೇರುವ ಅಂಕ) +6 ಎಂದರೆ ಫೈಟರ್‌ಗೆ 6ನೇ ಲೆವೆಲ್, ಕ್ಲೆರಿಕ್‌ಗೆ 8, ವಿಜರ್ಡ್‌ಗೆ 12. ಇನ್ನೂ ಹಿಂದಕ್ಕೆ ಹೋದರೆ ಬಾಗಿಲು ಇನ್ನೂ ಕಿರಿದು: 1978ರ ಪುಸ್ತಕದಲ್ಲಿ ಪ್ಯಾಲಡಿನ್ ಆಗಲು ಕರಿಸ್ಮಾ 17 ಬೇಕಿತ್ತು, ಅದೂ ಮನುಷ್ಯರಿಗೆ ಮಾತ್ರ. ಮೂರು ದಾಳ ಒಟ್ಟಿಗೆ ಎಸೆದರೆ 17 ಅಥವಾ 18 ಬೀಳುವುದು 54ಕ್ಕೆ ಒಂದು ಸಲ. ಆಟ ಶುರುವಾಗುವ ಮೊದಲೇ ದಾಳವೇ ನಿಮ್ಮ ಕ್ಲಾಸ್ ಯಾವುದೆಂದು ಹೇಳಿಬಿಡುತ್ತಿತ್ತು. ಆ ಕಾಲದ ಪುಸ್ತಕ ಓದಿ ಬೆಳೆದವರಿಗೆ ಅರ್ಹತೆ ಎಂದರೆ ಗಳಿಸಿದ ಗೌರವ. ಐದನೇ ಆವೃತ್ತಿಯ 13 ಅಷ್ಟು ದೊಡ್ಡ ವಿಷಯವಲ್ಲ. ದಾರಿಯಲ್ಲಿ ಸಿಕ್ಕ ಕ್ಲಾಸಿನಿಂದೆಲ್ಲ ಒಂದೊಂದು ಲೆವೆಲ್ ಹೆಕ್ಕಿಕೊಂಡು ಹೋಗದ ಹಾಗೆ ಹಾಕಿದ ಉಣುಗೋಲು, ಅಷ್ಟೆ. ಗುಣಗಳ ಅಂಕಿಗಳನ್ನು ಅಂಕ ಕೊಟ್ಟು ಕೊಳ್ಳುವ ಪದ್ಧತಿಯಲ್ಲಿ ಕೈಯಲ್ಲಿರುವ 27 ಅಂಕದಲ್ಲಿ ಒಂದು 13ಕ್ಕೆ 5 ಹೋಗುತ್ತದೆ. ಉಣುಗೋಲು ದಾಟುವುದಕ್ಕೆ ಅದು ಸುಂಕ.

ಹಳೆಯ ಪುಸ್ತಕದ ಇನ್ನೊಂದು ಮಾತೂ ನಿಮ್ಮ ಮೇಜಿಗೆ ಬಂದಿರಬಹುದು: ಕಬ್ಬಿಣದ ಕವಚ ತೊಟ್ಟು ವಿಜರ್ಡ್ ಮಂತ್ರ ಹಾಕಿದರೆ ಕೆಡುತ್ತದೆ ಎಂದು. 3.5ರಲ್ಲಿ ಚೈನ್‌ಮೇಲ್‌ಗೆ ಶೇ. 30, ಫುಲ್ ಪ್ಲೇಟ್‌ಗೆ ಶೇ. 35 ಕೆಡುವ ಸಂಭವವಿತ್ತು. ಈಗ ಆ ಕವಚದ ಪರಿಣತಿ ಇದ್ದರೆ ಸಾಕು, ನಿಮಗೆ ಫೈಟರ್‌ನಿಂದ ಅದು ಬಂದಿದೆ. ಅಡ್ಡ ಬರುವುದು ಕವಚವಲ್ಲ, ಗುರಾಣಿ. ಅದನ್ನು ಯಾರೂ ಹೇಳುವುದಿಲ್ಲ.

ಶೀಲ್ಡ್ ಮಂತ್ರಕ್ಕೆ ಬಾಯಿಮಾತಿನ ಜೊತೆಗೆ ಕೈಸನ್ನೆ ಬೇಕು. ಸನ್ನೆಗೆ ಒಂದು ಕೈ ಖಾಲಿ ಇರಬೇಕು. ನಿಮ್ಮ ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಗುರಾಣಿ. ಆ ಮಂತ್ರ ಹಾಕುವುದು ವೈರಿಯ ಏಟು ತಗುಲಿದ ಕ್ಷಣದಲ್ಲಿ, ರಿಯಾಕ್ಷನ್ ಆಗಿ. ಆಗ ಕತ್ತಿಯನ್ನು ಒರೆಗೆ ಹಾಕುತ್ತೇನೆ ಅನ್ನುವ ಅವಕಾಶ ಇಲ್ಲ. ಹಾಗಾಗಿ ಕಷ್ಟಪಟ್ಟು 13 ಮಾಡಿ, ಒಂದು ಲೆವೆಲ್ ಖರ್ಚು ಮಾಡಿ ಕಲಿತ ಮಂತ್ರವನ್ನು ಮೊದಲ ಕಾಳಗದಲ್ಲೇ ಹಾಕಲಾಗದೆ ನಿಲ್ಲುತ್ತೀರಿ. ಕತ್ತಿ-ಗುರಾಣಿಯ ಫೈಟರ್ ವಿಜರ್ಡ್ ಆಗಲು ಹೋದಾಗ ಕೆಡುವುದು ಹೆಚ್ಚಾಗಿ ಇಲ್ಲೇ. ಗುರಾಣಿ ಇಳಿಸಿ ಕತ್ತಿಯೊಂದನ್ನೇ ಹಿಡಿದರೆ, ಅಥವಾ ಗ್ರೇಟ್‌ಸ್ವೋರ್ಡ್‌ಗೆ ಬದಲಾಯಿಸಿದರೆ ಸನ್ನೆಗೆ ಕೈ ಸಿಗುತ್ತದೆ. ಎರಡು ಕೈಯ ಆಯುಧಕ್ಕೆ ಎರಡು ಕೈ ಬೇಕಾದದ್ದು ಹೊಡೆಯುವಾಗ ಮಾತ್ರ. ಆದರೆ ಗುರಾಣಿ ಇಳಿಸಿದರೆ ಆರ್ಮರ್ ಕ್ಲಾಸ್‌ನಲ್ಲಿ (ಏಟು ತಗುಲಲು ವೈರಿಯ ದಾಳ ಮುಟ್ಟಬೇಕಾದ ಅಂಕಿ) ದಿನವಿಡೀ 2 ಕಮ್ಮಿ, ಮಂತ್ರದಿಂದ ಸಿಗುವುದು ಒಂದು ಸುತ್ತಿಗೆ 5, ಅದೂ 1ನೇ ಲೆವೆಲ್ ವಿಜರ್ಡ್‌ಗೆ ದಿನಕ್ಕೆ ಎರಡು ಸ್ಲಾಟ್ (ಒಂದು ಸ್ಲಾಟ್‌ಗೆ ಒಂದು ಸಲ ಮಂತ್ರ), ವಿಶ್ರಾಂತಿಯಲ್ಲಿ ಸ್ಲಾಟ್ ಮರಳಿಸುವ ಆರ್ಕೇನ್ ರಿಕವರಿಯಿಂದ ಇನ್ನೊಂದು. ಮೂರು ಸಲ. ಲೆಕ್ಕ ನೀವೇ ಹಾಕಿ.

ಗುರಾಣಿಯೂ ಬೇಕು, ಮಂತ್ರವೂ ಬೇಕು ಅಂದರೆ ವಾರ್ ಕಾಸ್ಟರ್ ಎಂಬ ಫೀಟ್ ಬೇಕು. ಎರಡೂ ಕೈ ತುಂಬಿದ್ದರೂ ಸನ್ನೆ ಮಾಡಲು ಅದು ಬಿಡುತ್ತದೆ. ಅದಕ್ಕೂ ಒಂದು ಅರ್ಹತೆ ಇದೆ: ಕನಿಷ್ಠ ಒಂದು ಮಂತ್ರ ಹಾಕಲು ಮೊದಲೇ ಬರಬೇಕು. ಅಂದರೆ ಇಂದಿನ ನಿಮ್ಮ ಚಾಂಪಿಯನ್‌ಗೆ ಅದು ಸಿಗದು. ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಇಲ್ಲಿ ಮುಖ್ಯ.

ಗೂಬೆಯ ದಾರಿ ಇದಕ್ಕಿಂತ ಬಹಳ ಸಲೀಸು. ಗೂಬೆಯನ್ನು ಕರೆಯುವ ಫೈಂಡ್ ಫ್ಯಾಮಿಲಿಯರ್ ರಿಚುಯಲ್ ಆಗಿ, ಅಂದರೆ ಸ್ಲಾಟ್ ಖರ್ಚಿಲ್ಲದೆ ನಿಧಾನವಾಗಿ ಹಾಕಬಹುದಾದ ಮಂತ್ರ. ರಿಚುಯಲ್ ಕಾಸ್ಟರ್ ಎಂಬ ಫೀಟ್‌ಗೆ 2014ರ ಪುಸ್ತಕ ಕೇಳುವುದು ಇಂಟೆಲಿಜೆನ್ಸ್ 13 ಅಥವಾ ವಿಸ್ಡಮ್ 13. ‘ಅಥವಾ’ ಎನ್ನುವುದನ್ನು ಗಮನಿಸಿ. ನಿಮ್ಮ ವಿಸ್ಡಮ್ 13, ಆರಿಸುವ ಪಟ್ಟಿ ವಿಜರ್ಡ್‌ನದು; ಎರಡಕ್ಕೂ ಸಂಬಂಧವಿರಬೇಕೆಂದಿಲ್ಲ. ಫೈಟರ್‌ಗೆ 6ನೇ ಲೆವೆಲ್‌ನಲ್ಲಿ ಬೇರೆ ಕ್ಲಾಸ್‌ಗಳಿಗಿಲ್ಲದ ಹೆಚ್ಚುವರಿ ಹೆಚ್ಚಳವೊಂದು ಸಿಗುತ್ತದೆ, ಅದರ ಬದಲಿಗೆ ಈ ಫೀಟ್ ತೆಗೆದುಕೊಳ್ಳಿ. ಎರಡು 1ನೇ ಹಂತದ ರಿಚುಯಲ್ ಮಂತ್ರಗಳಿರುವ ಪುಸ್ತಕ ಕೈಗೆ ಬರುತ್ತದೆ. ಒಂದು ಗೂಬೆ, ಇನ್ನೊಂದು ಡಿಟೆಕ್ಟ್ ಮ್ಯಾಜಿಕ್ ಇಡಿ. ಮುಂದೆ ದಾರಿಯಲ್ಲಿ ಸಿಕ್ಕ ಸುರುಳಿಗಳಿಂದ ಇನ್ನಷ್ಟು ರಿಚುಯಲ್ ಬರೆದುಕೊಳ್ಳಬಹುದು. ಮಂತ್ರದ ಪ್ರತಿ ಹಂತಕ್ಕೆ ಎರಡು ಗಂಟೆ, 50 ಚಿನ್ನದ ನಾಣ್ಯ.

ಗೂಬೆಯ ಖರ್ಚು: ಒಂದು ಸಲಕ್ಕೆ 10 ಚಿನ್ನದ ನಾಣ್ಯದ ಇದ್ದಿಲು, ಧೂಪ, ಮೂಲಿಕೆ ಹಿತ್ತಾಳೆಯ ಅಗ್ಗಿಷ್ಟಿಕೆಯಲ್ಲಿ ಉರಿದುಹೋಗಬೇಕು. ಹೊತ್ತು ಒಂದು ಗಂಟೆ, ರಿಚುಯಲ್ ಆದರೆ ಇನ್ನೂ 10 ನಿಮಿಷ ಹೆಚ್ಚು. ಗೂಬೆಗೆ ಹಿಟ್ ಪಾಯಿಂಟ್ (ಜೀವದ ಅಂಕ) ಒಂದೇ. ಅದು ತಾನಾಗಿ ಹೊಡೆಯುವ ಹಾಗಿಲ್ಲ, ಆದರೆ ಹಾರಿ ಬಂದು ಹೆಲ್ಪ್ ಮಾಡಿ, ಏಟಿಗೆ ಸಿಗದೆ ಹಾರಿಹೋಗುತ್ತದೆ, ನಿಮಗೆ ಆ ಹೊಡೆತದಲ್ಲಿ ಅಡ್ವಾಂಟೇಜ್, ಅಂದರೆ ಎರಡು ದಾಳ ಎಸೆದು ದೊಡ್ಡದನ್ನು ಹಿಡಿಯುವುದು. ಡಿಎಂ ಆದವರು ಮೂರನೇ ಸಲ ಸುಮ್ಮನಿರುವುದಿಲ್ಲ, ಗೂಬೆಗೆ ಬಾಣ ಬೀಳುತ್ತದೆ. ಹಾಗಾಗಿ ಕೈಯಲ್ಲಿ 30–40 ನಾಣ್ಯದ ಸಾಮಗ್ರಿ ಮೊದಲೇ ಇಟ್ಟುಕೊಳ್ಳಿ.

ಈಗ ಗೂಬೆ, ಶೀಲ್ಡ್ ಎರಡೂ ಬೇಕೆಂದರೆ ಮೂರು ದಾರಿ. ಮೂರೂ ಸಮವಲ್ಲ.

ನನ್ನ ಮೊದಲ ಸಲಹೆ ಮಲ್ಟಿಕ್ಲಾಸೇ ಅಲ್ಲ. ಚಾಂಪಿಯನ್ ಬಿಟ್ಟು ಎಲ್ಡ್ರಿಚ್ ನೈಟ್ ಆಗಲು ಬಿಡುತ್ತೀಯಾ ಎಂದು ಭಾವನನ್ನು ಕೇಳಿ. ನೀವು ಚಾಂಪಿಯನ್ ಆರಿಸಿದ್ದೇ ಪುಕ್ಕಟೆ ಸಿಗುವ ನಿಯಮದ ದಾಖಲೆಯಲ್ಲಿ ಫೈಟರ್‌ಗೆ ಅದೊಂದೇ ಇರುವುದರಿಂದ ಅಂತಾದರೆ ಕೇಳುವುದಕ್ಕೆ ಇನ್ನೂ ಬಲ ಬಂತು. ಆ ದಾಖಲೆಯಲ್ಲಿ ವಾರ್ ಕಾಸ್ಟರ್, ರಿಚುಯಲ್ ಕಾಸ್ಟರ್ ಕೂಡ ಇಲ್ಲ, ಮೂಲ ಪುಸ್ತಕವನ್ನೇ ನೋಡಬೇಕು. 5ನೇ ಲೆವೆಲ್‌ನ ಎಲ್ಡ್ರಿಚ್ ನೈಟ್‌ಗೆ ನಾಲ್ಕು ಮಂತ್ರ, 1ನೇ ಹಂತದ ಮೂರು ಸ್ಲಾಟ್. ಆ ಮಂತ್ರಗಳು ಹೆಚ್ಚಾಗಿ ಅಬ್ಜುರೇಷನ್ (ರಕ್ಷಣೆ), ಇವೊಕೇಷನ್ (ಬೆಂಕಿ-ಸಿಡಿಲಿನಂಥವು) ಬಗೆಯವೇ ಆಗಿರಬೇಕು. ಶೀಲ್ಡ್ ಅಬ್ಜುರೇಷನ್, ಆದ್ದರಿಂದ ಸರಿ. ಗೂಬೆ ಆ ಎರಡಕ್ಕೂ ಸೇರದು, ಆದರೆ 3ನೇ ಲೆವೆಲ್‌ನಲ್ಲಿ ಕಲಿಯುವ ಮೂರರಲ್ಲಿ ಒಂದು ಯಾವ ಬಗೆಯದಾದರೂ ಆಗಬಹುದು, ಅದನ್ನು ಗೂಬೆಗೆ ಇಡಿ. 6ನೇ ಲೆವೆಲ್‌ಗೆ ವಾರ್ ಕಾಸ್ಟರ್. ಗುರಾಣಿ, ಕತ್ತಿ, ಮಂತ್ರ, ಗೂಬೆ ಎಲ್ಲ ಒಂದೇ ಲೆವೆಲ್‌ನೊಳಗೆ ಬಂದವು, ಫೈಟರ್‌ನ ಒಂದು ಲೆವೆಲ್ಲೂ ಕಳೆಯಲಿಲ್ಲ. ಕಳೆದುಕೊಳ್ಳುವುದು ಚಾಂಪಿಯನ್‌ಗೆ ದಾಳದಲ್ಲಿ 20 ಅಲ್ಲದೆ 19 ಬಿದ್ದರೂ ಸಿಗುವ ಕ್ರಿಟಿಕಲ್ (ಜೋರು ಪೆಟ್ಟು). ಇನ್ನೊಂದು ಕೊರತೆ: ಎಲ್ಡ್ರಿಚ್ ನೈಟ್‌ಗೆ ರಿಚುಯಲ್ ಬರುವುದಿಲ್ಲ, ಗೂಬೆ ಕರೆಯುವಾಗಲೆಲ್ಲ ಒಂದು ಸ್ಲಾಟ್ ಹೋಗುತ್ತದೆ. ರಾತ್ರಿ ಮಲಗುವ ಮೊದಲು ಉಳಿದ ಸ್ಲಾಟ್‌ನಲ್ಲಿ ಕರೆದುಕೊಂಡರೆ ನಷ್ಟವಿಲ್ಲ.

ಸಬ್‌ಕ್ಲಾಸ್ ಬದಲಾಯಿಸಲು ಭಾವ ಒಪ್ಪದಿದ್ದರೆ ಎರಡನೇದು: ಇಂಟೆಲಿಜೆನ್ಸ್, ವಿಸ್ಡಮ್ ಅಂಕಿಗಳನ್ನು ಅದಲು ಬದಲು ಮಾಡಲು ಕೇಳಿ. ಇಂಟೆಲಿಜೆನ್ಸ್ 13, ವಿಸ್ಡಮ್ 11. ಒಟ್ಟು ಅಂಕ ಅಷ್ಟೇ, ಯಾರಿಗೂ ಮೋಸವಿಲ್ಲ. ವಿಸ್ಡಮ್ ಸೇವ್‌ನಲ್ಲೂ ಪರ್ಸೆಪ್ಷನ್‌ನಲ್ಲೂ ಒಂದೊಂದು ಕಮ್ಮಿಯಾಗುತ್ತದೆ. ಯಾರಾದರೂ ಮನಸ್ಸು ವಶ ಮಾಡಿಕೊಂಡು ನಿಮ್ಮ ಕತ್ತಿಯನ್ನು ನಿಮ್ಮವರ ಮೇಲೇ ತಿರುಗಿಸುವ ಭಯ ಅಷ್ಟು ಹೆಚ್ಚು. ಆಗ ಕ್ರಮ ಹೀಗಿರಲಿ: 6ನೇ ಲೆವೆಲ್‌ಗೆ ವಿಜರ್ಡ್ 1, 7ನೇದಕ್ಕೆ ಮತ್ತೆ ಫೈಟರ್, ಅಂದರೆ ಫೈಟರ್ 6, ಅಲ್ಲಿ ವಾರ್ ಕಾಸ್ಟರ್. ಮಂತ್ರ ಮೊದಲು ಬಂದದ್ದರಿಂದ ಫೀಟ್‌ನ ಅರ್ಹತೆಯೂ ಸರಿಹೋಯಿತು. ಅನುಭವದ ಅಂಕದಲ್ಲಿ ಹೇಳುವುದಾದರೆ 23,000ಕ್ಕೆ ಎಲ್ಲ ಕೈಗೆ ಬರುತ್ತದೆ.

ಮೂರನೇದು ಯಾರನ್ನೂ ಬೇಡದೆ ಪುಸ್ತಕದ ಅಕ್ಷರದಂತೆ ಹೋಗುವುದು. ಫೈಟರ್ 6ರ ಹೆಚ್ಚಳ ಪೂರ್ತಿ ಇಂಟೆಲಿಜೆನ್ಸ್‌ಗೆ, 11 ಹೋಗಿ 13. ಒಂದೇ ಅಂಕ ಏರಿಸುವ ಕೀನ್ ಮೈಂಡ್‌ನಂಥ ಫೀಟ್‌ಗಳಿಂದ ನಿಮಗೆ 12 ಆಗುತ್ತದೆ, ಹೊಸ್ತಿಲ ಮೇಲೇ ನಿಲ್ಲುತ್ತೀರಿ. 7ನೇ ಲೆವೆಲ್‌ಗೆ ವಿಜರ್ಡ್, 9ನೇ ಲೆವೆಲ್‌ಗೆ ಫೈಟರ್ 8 ಆದಾಗ ವಾರ್ ಕಾಸ್ಟರ್. 48,000 ಅಂಕ. ಅಲ್ಲಿಯವರೆಗೆ ಗುರಾಣಿ ಇಳಿಸಿಯೇ ಮಂತ್ರ. ಸ್ಟ್ರೆಂತ್ 20 ಆಗುವುದು ಇನ್ನೂ ಮುಂದಕ್ಕೆ, ಅಂದರೆ ಪ್ರತಿ ಹೊಡೆತದ ಗುರಿಯಲ್ಲೂ ಪೆಟ್ಟಿನಲ್ಲೂ ಒಂದೊಂದು ಕಮ್ಮಿ. ಈ ಮಳೆಗಾಲದಲ್ಲಿ ಶುರುಮಾಡಿದರೆ ಅಡಿಕೆ ಸುಲಿಯುವ ಹೊತ್ತಿಗೂ ಮುಗಿಯಲಿಕ್ಕಿಲ್ಲ. ನಿಯಮಬದ್ಧ ದಾರಿ ಇದೊಂದೇ ಇರಬಹುದು, ನಾನಂತೂ ಹೇಳುವುದಿಲ್ಲ.

ವಿಜರ್ಡ್ ಲೆವೆಲ್ ತೆಗೆದುಕೊಂಡರೆ ಇಂಟೆಲಿಜೆನ್ಸ್ 13ರಿಂದ ಸಿಗುವುದು +1 ಮಾತ್ರ. ನಿಮ್ಮ ಮಂತ್ರದಿಂದ ಪಾರಾಗಲು ವೈರಿ ದಾಟಬೇಕಾದ ಅಂಕಿ 12. ಆ ಲೆವೆಲ್‌ನ ರಾಕ್ಷಸರಿಗೆ ಅದು ಗದ್ದೆಯ ಬದು ದಾಟಿದಷ್ಟು ಸುಲಭ. ಆದ್ದರಿಂದ ವೈರಿ ಸೇವ್ ಮಾಡಬೇಕಾದ ಮಂತ್ರಗಳನ್ನು ಮುಟ್ಟಬೇಡಿ. ಪುಸ್ತಕದಲ್ಲಿ ಆರು ಮಂತ್ರ ಬರೆಯಬಹುದು, ದಿನಕ್ಕೆ ಸಿದ್ಧ ಮಾಡಿಕೊಳ್ಳುವುದು ಎರಡೇ. ಶೀಲ್ಡ್ ಒಂದು ಖಾಯಂ, ಇನ್ನೊಂದಕ್ಕೆ ಫೆದರ್ ಫಾಲ್‌ನಂಥದ್ದು. ಗೂಬೆ, ಡಿಟೆಕ್ಟ್ ಮ್ಯಾಜಿಕ್ ಮುಂತಾದ ರಿಚುಯಲ್‌ಗಳನ್ನು ವಿಜರ್ಡ್ ಸಿದ್ಧ ಮಾಡಿಕೊಳ್ಳದೆಯೇ ಪುಸ್ತಕ ನೋಡಿ ಹಾಕಬಹುದು.

ಫೈಟರ್ ‘ಹಾಳಾಗುವುದು’ ಎಲ್ಲಿ ಎಂದು ಕೇಳಿದ್ದೀರಿ. 13ರಿಂದ ಅಲ್ಲ, ಲೆವೆಲ್ ಎಲ್ಲಿ ಮುರಿಯುತ್ತೀರಿ ಎಂಬುದರಿಂದ. ಅಂಕಿಯ ಹೆಚ್ಚಳ ಬರುವುದು ಕ್ಲಾಸಿನ ಲೆವೆಲ್‌ಗೆ, ಒಟ್ಟು ಲೆವೆಲ್‌ಗಲ್ಲ. ಫೈಟರ್ 3, ವಿಜರ್ಡ್ 3 ಆದವನು 6ನೇ ಲೆವೆಲ್‌ನಲ್ಲಿದ್ದರೂ ಒಂದು ಹೆಚ್ಚಳವನ್ನೂ ಕಂಡಿರುವುದಿಲ್ಲ. ಪಕ್ಕದಲ್ಲಿ ಕೂತ ಬರೀ ಫೈಟರ್ ಎರಡು ಪಡೆದಿರುತ್ತಾನೆ. ಎರಡನೇ ಹೊಡೆತ ಕೊಡುವ ಎಕ್ಸ್‌ಟ್ರಾ ಅಟ್ಯಾಕ್ ಫೈಟರ್ 5ಕ್ಕೆ. ಅದಕ್ಕಿಂತ ಮೊದಲೇ ಹೊರಟವನು ತಿಂಗಳುಗಟ್ಟಲೆ ಒಂದೇ ಏಟು ಹೊಡೆಯುತ್ತಿರುತ್ತಾನೆ. ನೀವು ಆ 5 ಮುಗಿಸಿ ಕೇಳುತ್ತಿದ್ದೀರಿ, ಹೊತ್ತು ಸರಿಯಾಗಿದೆ. ಫೈಟರ್ ಆಗಿ ಶುರುಮಾಡಿದ್ದೂ ಒಳ್ಳೆಯದಾಯಿತು: ಹೆವಿ ಆರ್ಮರ್ ಮತ್ತು ಕಾನ್‌ಸ್ಟಿಟ್ಯೂಷನ್ ಸೇವ್ ಮೊದಲ ಕ್ಲಾಸ್ ಫೈಟರ್ ಆದವನಿಗೆ ಸಿಗುತ್ತವೆ, ವಿಜರ್ಡ್ ಆಗಿದ್ದು ಆಮೇಲೆ ಫೈಟರ್‌ಗೆ ಬಂದವನಿಗೆ ಎರಡೂ ಇಲ್ಲ. ಏಟು ತಿಂದರೂ ಮಂತ್ರದ ಏಕಾಗ್ರತೆ ಉಳಿಯುವುದು ಆ ಸೇವ್‌ನಿಂದಲೇ.

ಹೆಡ್‌ಬ್ಯಾಂಡ್ ಆಫ್ ಇಂಟೆಲೆಕ್ಟ್ ಕಟ್ಟಿಕೊಂಡಿರುವಷ್ಟು ಹೊತ್ತು ಇಂಟೆಲಿಜೆನ್ಸ್ 19, ಅದಕ್ಕೆ ಅಟ್ಯೂನ್ ಆಗಬೇಕು (ವಸ್ತುವಿನ ಜೊತೆ ನಂಟು ಬೆಸೆಯಬೇಕು), ಅಂಥ ವಸ್ತು ಒಬ್ಬನಿಗೆ ಮೂರಕ್ಕಿಂತ ಹೆಚ್ಚು ಆಗದು. ಅರ್ಹತೆಗೆ ಅದು ಲೆಕ್ಕಕ್ಕೆ ಬರುತ್ತದೆಯೇ ಎಂದು ಮಲ್ಟಿಕ್ಲಾಸ್ ನಿಯಮ ಬಿಡಿಸಿ ಹೇಳಿಲ್ಲ. ಫೀಟ್‌ಗಳ ವಿಷಯದಲ್ಲಿ ಮಾತ್ರ ಸ್ಪಷ್ಟವಿದೆ: ಅರ್ಹತೆ ಕಳೆದುಕೊಂಡರೆ ಅದು ಮರಳುವವರೆಗೆ ಆ ಫೀಟ್ ಕೆಲಸ ಮಾಡದು. ಕ್ಲಾಸ್‌ಗೂ ಅದನ್ನೇ ಹಿಡಿದರೆ ಕಳ್ಳನೊಬ್ಬ ಹೆಡ್‌ಬ್ಯಾಂಡ್ ಹಾರಿಸಿದ ದಿನ ನಿಮ್ಮ ಒಂದು ಲೆವೆಲ್ಲೇ ಹೋಯಿತು. ಹಿಡಿಯದಿದ್ದರೆ, ಒಂದು ಮಧ್ಯಾಹ್ನ ಎರವಲು ತಂದು ಕಟ್ಟಿಕೊಂಡು ವಿಜರ್ಡ್ ಆಗಿ, ಸಂಜೆ ವಾಪಸು ಕೊಡಬಹುದು. ಎರಡೂ ಅಸಂಬದ್ಧ. ಭಾವ ಬೇಡ ಅಂದರೆ ನಾನು ಅವರ ಕಡೆ.

ಗುರುವಿಲ್ಲದೆ ವಿಜರ್ಡ್ ಆಗಬಾರದು ಎಂಬ ಮಾತೂ ಎದ್ದೀತು. ನಿಯಮದಲ್ಲಿ ಹಾಗೇನಿಲ್ಲ. ಕತೆಗೆ ಬೇಕೆಂದು ಭಾವ ಇಟ್ಟರೆ ಸಂತೋಷ, ಆದರೆ ಅದಕ್ಕೆ ಚಿನ್ನ, ದಿನ ಎಷ್ಟೆಂದು ಮೊದಲೇ ಕೇಳಿಟ್ಟುಕೊಳ್ಳಿ. ಇಂಥ ಮಾತೆಲ್ಲ ಚೌಕಿಯಲ್ಲಿ ಆಗಬೇಕು, ರಂಗಸ್ಥಳಕ್ಕೆ ಬಂದ ಮೇಲಲ್ಲ. ಆಟದ ನಡುವೆ, ನಾಲ್ಕು ಜನ ಕಾಯುತ್ತಿರುವಾಗ ಕೇಳಿದರೆ ಯಾವ ಡಿಎಂ ಆದರೂ ‘ಇಲ್ಲ’ ಅನ್ನುತ್ತಾರೆ. ವಾರದ ನಡುವೆ ಫೋನ್ ಮಾಡಿ.

ತಂಗಿಗೆ ಕರಿಸ್ಮಾ 18 ಇರುವುದರಿಂದ ವಾರ್‌ಲಾಕ್‌ನ ಅರ್ಹತೆ ಧಾರಾಳವಾಗಿದೆ. ಇಲ್ಲದ್ದು ಪ್ಯಾಲಡಿನ್‌ನ ಅರ್ಹತೆ. ಪ್ಯಾಲಡಿನ್ ಬಿಟ್ಟು ಹೊರಗೆ ಕಾಲಿಡಲು ಸ್ಟ್ರೆಂತ್ 13 ಬೇಕು, ಅವಳದು 10. ಒಂದು ಹೆಚ್ಚಳ ಪೂರ್ತಿ ಹಾಕಿದರೂ 12. ಎರಡು ಹೆಚ್ಚಳ ಬೇಕು. ಅವಳೂ 5ನೇ ಲೆವೆಲ್‌ನಲ್ಲಿದ್ದು 4ರದ್ದನ್ನು ಕರಿಸ್ಮಾಕ್ಕೆ ಹಾಕಿದ್ದರೆ ಮುಂದಿನವು ಪ್ಯಾಲಡಿನ್ 8 ಮತ್ತು 12ಕ್ಕೆ. ಅಷ್ಟು ಕಾಯುವುದರಲ್ಲಿ ಅರ್ಥವಿಲ್ಲ. ಇಲ್ಲಿ ನಿಯಮದ ಅಕ್ಷರಕ್ಕಿಂತ ಅದರ ಉದ್ದೇಶ ನೋಡಬೇಕು ಎಂದೇ ನನ್ನ ಅಭಿಪ್ರಾಯ. ಫೈಟರ್‌ಗೆ ‘ಸ್ಟ್ರೆಂತ್ ಅಥವಾ ಡೆಕ್ಸ್ಟೆರಿಟಿ’ ಎಂದು ಪುಸ್ತಕವೇ ಬಿಟ್ಟಿದೆ. ಡೆಕ್ಸ್ಟೆರಿಟಿ 16ರಿಂದ ರೇಪಿಯರ್ ಹಿಡಿದು ಹೋರಾಡುವ ಪ್ಯಾಲಡಿನ್‌ಗೂ ಅದನ್ನೇ ಅನ್ವಯಿಸಿದರೆ ಆಟದ ತೂಕ ತಪ್ಪುವುದಿಲ್ಲ. ಅವಳಿಗೂ ಎಕ್ಸ್‌ಟ್ರಾ ಅಟ್ಯಾಕ್ 5ಕ್ಕೇ ಬಂದಿರುತ್ತದೆ. ವಾರ್‌ಲಾಕ್‌ನ ಸ್ಲಾಟ್‌ಗಳು ಪ್ಯಾಲಡಿನ್‌ನವುಗಳ ಜೊತೆ ಕೂಡುವುದಿಲ್ಲ, ಬೇರೆಯೇ ಲೆಕ್ಕ, ಸಣ್ಣ ವಿಶ್ರಾಂತಿಗೆ ಮರಳುತ್ತವೆ. ಸ್ಲಾಟ್ ಕೊಟ್ಟು ಪೆಟ್ಟು ಜೋರಾಗಿಸುವ ಪ್ಯಾಲಡಿನ್‌ನ ಸ್ಮೈಟ್‌ಗೆ ಅವನ್ನೂ ಬಳಸಬಹುದು. ಭಾವ ಹಿಂಜರಿಯುವುದಾದರೆ ಸ್ಟ್ರೆಂತ್‌ಗಾಗಿ ಅಲ್ಲ, ಇದಕ್ಕಾಗಿ ಹಿಂಜರಿಯಲಿ.

ನಿಮ್ಮ ಮೇಜಿಗೆ 2024ರ ಪುಸ್ತಕ ಬಂದರೆ 13 ಅಲ್ಲೂ ಉಂಟು, ಎರಡೂ ಕ್ಲಾಸ್‌ಗೆ ನೋಡಬೇಕಾದದ್ದೂ ಉಂಟು. ಆದರೆ ಬಹಳಷ್ಟು ಫೀಟ್‌ಗಳು ಒಂದು ಅಂಕಿಯ ಏರಿಕೆಯನ್ನೂ ಒಟ್ಟಿಗೆ ಕೊಡುತ್ತವೆ, ಅವಕ್ಕೆ 4ನೇ ಲೆವೆಲ್ ಎಂಬ ಷರತ್ತೂ ಸೇರಿದೆ. ಎರಡು ಪುಸ್ತಕಗಳಿಂದ ತಮಗೆ ಅನುಕೂಲವಾದ ಸಾಲುಗಳನ್ನಷ್ಟೇ ಆರಿಸಿ ಓದಲು ಯಾರಿಗೂ ಬಿಡಬೇಡಿ.

ಕೊನೆಗೆ ವಿಜರ್ಡ್ ದಾರಿಯೇ ಹಿಡಿದರೆ ಹಾಳೆಯಲ್ಲಿ ‘6ನೇ ಲೆವೆಲ್’ ಎಂದು ಒಟ್ಟಾಗಿ ಬರೆಯದೆ ‘ಫೈಟರ್ 5, ವಿಜರ್ಡ್ 1’ ಎಂದು ಬಿಡಿಸಿ ಬರೆಯಿರಿ. ಹಿಟ್ ಡೈಸ್ (ಹಿಟ್ ಪಾಯಿಂಟ್‌ನ ದಾಳ) ಐದು ಡಿ10 (ಹತ್ತು ಮುಖದ್ದು), ಒಂದು ಡಿ6 (ಆರು ಮುಖದ್ದು). ಆ ಲೆವೆಲ್‌ಗೆ ಸರಾಸರಿ ಹಿಡಿದರೆ ಏರುವ ಹಿಟ್ ಪಾಯಿಂಟ್ 6, ಫೈಟರ್‌ನಲ್ಲೇ ಉಳಿದಿದ್ದರೆ 8. ಪ್ರೊಫಿಷಿಯನ್ಸಿ (ಪರಿಣತಿಯ ಬೋನಸ್) ಒಟ್ಟು ಲೆವೆಲ್‌ಗೆ ನೋಡುವುದರಿಂದ +3 ಹಾಗೇ ಇರುತ್ತದೆ, ಅದನ್ನು ಅಳಿಸಬೇಡಿ.